ಗ್ರೀಕ್ ದೇವರುಗಳ ಮುಂದೆ ನಾನು ಸಿಕ್ಕಿಬಿದ್ದ ರಾತ್ರಿ



ಈ ವಾರ ನಿಮಗೆ ಒಂದು ಇಂಗ್ಲಿಷ್ ಚಿತ್ರದ ಪರಿಚಯ ಮಾಡಿಕೊಡಬೇಕಿತ್ತು. ಮಾಡಿಕೊಡುತ್ತೇನೆ, ಬಿಡುವುದಿಲ್ಲ. ಆದರೆ ಅದಕ್ಕೂ ಮುಂಚೆ ಒಂದು ತಪ್ಪೊಪ್ಪಿಗೆ ಇದೆ. ಮೂರು ವರ್ಷದಿಂದ ಇದೇ ಪುಟಗಳಲ್ಲಿ ಹೊರದೇಶದ ಚಿತ್ರಗಳ ಬಗ್ಗೆ ಬರೆಯುತ್ತಾ ಬಂದಿದ್ದೇನೆ. ‘ಸಂಭಾಷಣೆ ಚುರುಕಾಗಿದೆ’, ‘ಮಾತಿನಲ್ಲಿ ಮೊನಚಿದೆ’ ಅಂತೆಲ್ಲ ಧಾರಾಳವಾಗಿ ಸರ್ಟಿಫಿಕೇಟ್ ಕೊಟ್ಟಿದ್ದೇನೆ. ಸತ್ಯ ಏನಪ್ಪಾ ಅಂದರೆ, ಆ ಮಾತುಗಳಲ್ಲಿ ಅರ್ಧಕ್ಕರ್ಧ ನನ್ನ ಕಿವಿಗೆ ಬಿದ್ದದ್ದು ಬರೀ ಸದ್ದಾಗಿ!

ಸಿಟ್ಟಾಗಬೇಡಿ. ಪೂರ್ತಿ ಕೇಳಿ.

ನಾನು ಓದಿದ್ದು ದ್ವಿತೀಯ ಪಿಯುಸಿಯವರೆಗೆ. ‘ಸಿನಿಮಾ ಹುಚ್ಚಿಗೆ ಕಾಲೇಜು ಬಿಟ್ಟವನು’ ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬಂದೆ. ಹೇಳೋದಕ್ಕೂ ಚೆನ್ನಾಗಿರುತ್ತೆ, ಕೇಳೋದಕ್ಕೂ ಚೆನ್ನಾಗಿರುತ್ತೆ. ಹೆಣ್ಣು ನೋಡಲು ಹೋದಾಗಲೂ ಅದನ್ನೇ ಹೇಳಿದೆ. ನಿಜವಾದ ಸಂಗತಿ ಬೇರೆ. ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದೆ. ಮೂರನೇ ಸಲ ಫೀಸು ಕಟ್ಟಲು ಅಪ್ಪ ಕೊಟ್ಟ ದುಡ್ಡಿನಲ್ಲಿ ಬೆಂಗಳೂರು ಬಸ್ಸು ಹತ್ತಿದೆ. ಸಿನಿಮಾ ಹುಚ್ಚು ಇದ್ದದ್ದು ಸುಳ್ಳಲ್ಲ. ಆದರೆ ಓಡಿಸಿದ್ದು ಅದಲ್ಲ, ನಾಚಿಕೆ.

ಹಾಗಾದರೆ ಇಷ್ಟು ದಿನ ಹೇಗೆ ಬರೆದೆ? ಅದಕ್ಕೊಂದು ಉಪಾಯ ಕಂಡುಕೊಂಡಿದ್ದೆ. ನನ್ನ ಶ್ರೀಮತಿ ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಅವಳು ನೈಟ್ ಡ್ಯೂಟಿಗೆ ಹೋದ ಮೇಲೆ ಬಾಗಿಲು ಹಾಕಿ, ಚಿತ್ರ ಹಚ್ಚಿ, ಕೆಳಗೆ ಬರುವ ಇಂಗ್ಲಿಷ್ ಅಕ್ಷರದ ಒಂದೊಂದು ಸಾಲಿಗೂ ನಿಲ್ಲಿಸಿ, ಮೊಬೈಲಿನಲ್ಲಿ ಕುಟ್ಟಿ, ಕನ್ನಡ ಮಾಡಿ ಓದಿಕೊಳ್ಳುತ್ತಿದ್ದೆ. ಎರಡು ಗಂಟೆಯ ಚಿತ್ರಕ್ಕೆ ಐದು ಗಂಟೆ! ಮೊಬೈಲಿನ ಕನ್ನಡವೋ, ಆ ದೇವರಿಗೇ ಪ್ರೀತಿ. ನಾಯಕಿ ಕಣ್ಣೀರು ಹಾಕುತ್ತಾ ಏನೋ ಹೇಳಿದರೆ ಅದು ಪಂಚಾಯ್ತಿ ನೋಟೀಸಿನ ಹಾಗೆ ಬರುತ್ತಿತ್ತು. ಹೇಗೋ ತೇಪೆ ಹಚ್ಚಿ, ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಛಾಯಾಗ್ರಹಣವನ್ನು ಹೊಗಳಿ, ಬೆಳಗಿನ ಜಾವಕ್ಕೆ ಲೇಖನ ಮುಗಿಸುತ್ತಿದ್ದೆ. ಶ್ರೀಮತಿ ಬರುವ ಹೊತ್ತಿಗೆ ಯಜಮಾನರು ಬುದ್ಧಿಜೀವಿಯ ಹಾಗೆ ಕಾಫಿ ಕುಡಿಯುತ್ತಾ ಕೂತಿರುತ್ತಿದ್ದರು.

ಕಳೆದ ತಿಂಗಳು ಈ ವ್ಯವಸ್ಥೆಗೆ ಗ್ರಹಣ ಹಿಡಿಯಿತು.

*ಮೂವತ್ತು ರೂಪಾಯಿಯ ದೇವಲೋಕ*

ಸಂಪಾದಕರು ಫೋನ್ ಮಾಡಿದ್ದರು. “ಪೌರಾಣಿಕ ಚಿತ್ರ ಅಂದ್ರೆ ನಮ್ಮವರಿಗೆ ‘ಬಬ್ರುವಾಹನ’, ‘ಭಕ್ತ ಪ್ರಹ್ಲಾದ’ ಬಿಟ್ಟರೆ ಬೇರೆ ಗೊತ್ತಿಲ್ಲ ಕಣಯ್ಯ. ಬೇರೆ ದೇಶದ ದೇವರುಗಳೂ ತೆರೆಗೆ ಬಂದಿದಾರೆ. ಒಂದು ಒಳ್ಳೇದು ನೋಡಿ ಬರಿ.”

ನಮ್ಮ ಬೀದಿಯ ಕೊನೆಯಲ್ಲಿ ಒಂದು ಹಳೇ ಡಿವಿಡಿ ಅಂಗಡಿ ಬಾಗಿಲು ಹಾಕುತ್ತಿತ್ತು. ಉಳಿದ ಮಾಲನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ಸುರಿದು ಒಂದಕ್ಕೆ ಮೂವತ್ತು ರೂಪಾಯಿ ಅಂತ ಮಾರುತ್ತಿದ್ದರು. ಕೆದಕಿದಾಗ ಸಿಕ್ಕಿತು ‘ಕ್ಲ್ಯಾಷ್ ಆಫ್ ದಿ ಟೈಟನ್ಸ್’. 2010ರಲ್ಲಿ ಬಂದ ಹೊಸದಲ್ಲ, 1981ರ ಮೂಲ ಚಿತ್ರ. ಡೆಸ್ಮಂಡ್ ಡೇವಿಸ್ ನಿರ್ದೇಶನ. ದೇವರುಗಳ ರಾಜನಾಗಿ ಸಾಕ್ಷಾತ್ ಲಾರೆನ್ಸ್ ಒಲಿವಿಯರ್! ಮೂವತ್ತು ರೂಪಾಯಿಗೆ ಇಡೀ ದೇವಲೋಕ ಸಿಕ್ಕಿತಲ್ಲ ಅಂತ ಹಿಗ್ಗಿ ಮನೆಗೆ ತಂದೆ.

ತಂದ ದಿನವೇ ಶ್ರೀಮತಿಗೆ ವಾರದ ರಜೆ. ಆರು ರಾತ್ರಿ ನಿಂತು ನಿಂತು ಕಾಲು ಊದಿತ್ತು. “ನಾನೂ ನೋಡ್ತೀನಿ, ನಿಮ್ಮ ಜೊತೆ ಕೂತು ಸಿನಿಮಾ ನೋಡಿ ಎಷ್ಟು ದಿನ ಆಯ್ತು” ಅಂದಳು. ಬೇಡ ಅನ್ನಲು ಬಾಯಿ ಬರಲಿಲ್ಲ. ಮಂಡಕ್ಕಿ ಮೆಣಸಿನಕಾಯಿ ತಂದೆ. ಚಾಪೆ ಹಾಸಿದೆವು. ಡಿಸ್ಕ್ ಹಾಕಿ ಸಬ್‌ಟೈಟಲ್ ಬಟನ್ ಒತ್ತಿದೆ. ಬರಲಿಲ್ಲ. ಮತ್ತೆ ಒತ್ತಿದೆ. ಊಹೂಂ. ಆ ಡಿಸ್ಕಿಗೆ ಅದೇನು ರೋಗವೋ, ಅಕ್ಷರ ಮಾತ್ರ ಮೂಡಲೇ ಇಲ್ಲ.

“ಅದ್ಯಾಕೆ ಬೇಕು? ನಿಮಗೆ ಇಂಗ್ಲಿಷ್ ಬರುತ್ತಲ್ಲ” ಅಂದಳು.

ಆಹಾ! ಆ ಕ್ಷಣದ ನನ್ನ ಮುಖವನ್ನು ಯಾವ ಛಾಯಾಗ್ರಾಹಕನೂ ಹಿಡಿಯಬಾರದಿತ್ತು.

*ಕಥೆ ಹೇಳಿದ ಗಂಡ*

ಗಂಡಸಿನ ಜಂಭ ನೋಡಿ. ಸುಮ್ಮನಿದ್ದಿದ್ದರೆ ಆಗುತ್ತಿತ್ತು. “ನಿನಗೆ ಅರ್ಥ ಆಗದೇ ಇದ್ರೆ ನಾನು ಹೇಳ್ತಾ ಹೋಗ್ತೀನಿ” ಅಂದುಬಿಟ್ಟೆ!

ಆರಂಭ ಸಲೀಸಾಗಿಯೇ ಇತ್ತು. ಒಬ್ಬ ರಾಜ ತನ್ನ ಮಗಳನ್ನೂ ಅವಳ ಹಸುಗೂಸನ್ನೂ ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ತಳ್ಳಿಸುತ್ತಾನೆ. ಇದಕ್ಕೆ ಭಾಷೆ ಯಾಕೆ ಬೇಕು ಸ್ವಾಮೀ? ಕುಂತಿ ಕರ್ಣನನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟದ್ದನ್ನು ಬಯಲಾಟದಲ್ಲಿ ನೋಡಿ ಬೆಳೆದವರು ನಾವು. ಆ ಮಗುವೇ ಪರ್ಸಿಯಸ್, ನಮ್ಮ ಕಥಾನಾಯಕ. ಅಪ್ಪ ದೇವರಾಜ ಜ್ಯೂಸ್. (ಕುಡಿಯುವ ಜ್ಯೂಸ್ ಅಲ್ಲ!) ಗ್ರೀಕರ ಪುರಾಣದಲ್ಲಿ ಆ ರಾಜನಿಗೆ, ಮೊಮ್ಮಗನಿಂದಲೇ ನಿನಗೆ ಸಾವು ಅಂತ ಭವಿಷ್ಯವಾಣಿ ಆಗಿರುತ್ತೆ. ನಮ್ಮ ಕಂಸನ ನೆಂಟ ಅನ್ನಿ. ಈ ಜ್ಯೂಸ್ ಮಹಾಶಯ ನಮ್ಮ ಇಂದ್ರನ ಹಾಗೆಯೇ: ಕೈಯಲ್ಲಿ ಸಿಡಿಲು, ಹೆಣ್ಣು ಕಂಡರೆ ಮನಸ್ಸು ಕೆಳಲೋಕಕ್ಕೆ. ಇಷ್ಟನ್ನೂ ಶ್ರೀಮತಿಗೆ ಠೀವಿಯಿಂದ ವಿವರಿಸಿದೆ. ಅವಳು ಹೂಂ ಹೂಂ ಅಂತ ಮೆಣಸಿನಕಾಯಿ ಕಚ್ಚುತ್ತಿದ್ದಳು.

ಆಮೇಲೆ ಕ್ಯಾಲಿಬೋಸ್ ಬಂದ. ತಲೆಗೆ ಕೊಂಬು, ಹಿಂದೆ ಬಾಲ, ಒಂದು ಕಾಲಿಗೆ ಗೊರಸು, ಜೌಗುನೆಲದಲ್ಲಿ ವಾಸ. ಆಂಡ್ರೊಮಿಡಾ ಎಂಬ ರಾಜಕುಮಾರಿಯನ್ನು ರಾತ್ರಿ ಹೊತ್ತು ದೊಡ್ಡ ರಣಹದ್ದಿನಿಂದ ಎತ್ತಿಸಿ ತನ್ನ ಹತ್ತಿರ ತರಿಸಿಕೊಳ್ಳುತ್ತಾನೆ. ನಾನು ಹೇಳಿದೆ: “ಇವನು ರಾಕ್ಷಸ. ಹುಟ್ಟಿದಾಗಿನಿಂದ ದುಷ್ಟ. ರಾಜಕುಮಾರಿ ಮೇಲೆ ಕಣ್ಣು ಹಾಕಿದಾನೆ. ಬಕಾಸುರ ಅನ್ಕೋ.”

ಶ್ರೀಮತಿ ಮೊದಲ ಸಲ ನನ್ನ ಕಡೆ ತಿರುಗಿದಳು. ಮೆತ್ತಗೆ ಅಂದಳು: “ಹಾಗಲ್ಲ ರೀ. ಅವನು ಹುಟ್ಟಿದಾಗ ಹಾಗಿರಲಿಲ್ಲ. ಆ ಸಮುದ್ರದ ದೇವತೆ ಇದಾಳಲ್ಲ, ಥೆಟಿಸ್, ಅವಳ ಮಗ. ಈ ಹುಡುಗಿ ಜೊತೆ ಮದುವೆ ನಿಶ್ಚಯ ಆಗಿತ್ತು. ಜ್ಯೂಸ್‌ನ ರೆಕ್ಕೆ ಕುದುರೆಗಳನ್ನೆಲ್ಲ ಕೊಂದುಹಾಕಿದ್ದಕ್ಕೆ ಶಾಪ ಕೊಟ್ಟು ಹೀಗೆ ಮಾಡಿದಾನೆ. ಒಂದೇ ಕುದುರೆ ಉಳಿದಿರೋದಂತೆ.”

ನಾನು ಸುಮ್ಮನಾದೆ.

ಆ ಶಾಪದ ದೃಶ್ಯ ಸ್ವಲ್ಪ ಹಿಂದೆ ಬಂದುಹೋಗಿತ್ತು. ದೇವಲೋಕದ ಗೋಡೆಯ ಗೂಡುಗಳಲ್ಲಿ ಮನುಷ್ಯರ ಪುಟ್ಟ ಪುಟ್ಟ ಮಣ್ಣಿನ ಬೊಂಬೆಗಳಿರುತ್ತವೆ, ನಮ್ಮ ದಸರಾ ಬೊಂಬೆಗಳ ಹಾಗೆ. ಜ್ಯೂಸ್ ಒಂದನ್ನು ಎತ್ತಿಕೊಂಡು ಏನೋ ನುಡಿಯುತ್ತಾನೆ. ಗೋಡೆಯ ಮೇಲಿನ ಅದರ ನೆರಳಿಗೆ ಕೊಂಬು ಬಾಲ ಮೂಡುತ್ತವೆ. ನಾನು ಅದನ್ನು ಬರೀ ಕ್ಯಾಮೆರಾ ಚಮತ್ಕಾರ ಅಂತ ನೋಡಿದ್ದೆ. ಅವಳು ಅಲ್ಲೇ ನಿಂತಿದ್ದ ತಾಯಿಯನ್ನು ನೋಡಿದ್ದಳು. “ಅವಳು ಎಷ್ಟು ಬೇಡಿಕೊಂಡಳು, ಕೇಳಿಸಲಿಲ್ವಾ? ತನ್ನ ಮಗನಿಗೆ ಕತ್ತಿ, ಗುರಾಣಿ, ಶಿರಸ್ತ್ರಾಣ. ಅವಳ ಮಗನಿಗೆ ಕೊಂಬು, ಬಾಲ. ಇದ್ಯಾವ ನ್ಯಾಯ?”

ಕೇಳಿಸಿತ್ತು. ತಿಳಿದಿರಲಿಲ್ಲ. ಒಬ್ಬ ತಾಯಿಯ ಸಂಕಟ ನನ್ನ ಕಿವಿಯಲ್ಲಿ ಹಾದುಹೋಗಿ, ನಾನು ಬಕಾಸುರನ ಕಥೆ ಹೇಳುತ್ತಾ ಕೂತಿದ್ದೆ!

ಆ ಚಿತ್ರದಲ್ಲಿ ಒಂದು ಲೋಹದ ಗೂಬೆ ಇದೆ, ಬೂಬೋ ಅಂತ. ಕಿಟಿಕಿಟಿ ಅಂತ ಸದ್ದು ಮಾಡುತ್ತೆ. ಪರ್ಸಿಯಸ್ ಅದರ ಮಾತನ್ನು ಅರ್ಥ ಮಾಡಿಕೊಂಡು ಉತ್ತರ ಕೊಡುತ್ತಾನೆ. ನಮ್ಮ ಮನೆಯಲ್ಲಿ ಆ ರಾತ್ರಿ ಇಡೀ ಚಿತ್ರವೇ ನನಗೆ ಗೂಬೆಯ ಮಾತಾಗಿತ್ತು. ಪರ್ಸಿಯಸ್ ನನ್ನ ಪಕ್ಕದಲ್ಲಿ ಕಾಲು ನೀವಿಕೊಳ್ಳುತ್ತಾ ಕೂತಿದ್ದ!

*ಮೂವರಿಗೆ ಒಂದೇ ಕಣ್ಣು*

ಮುಂದೆ ಕಥೆ ಬಿಗಿಯಾಗುತ್ತೆ. ಆಂಡ್ರೊಮಿಡಾಳ ತಾಯಿ, ನನ್ನ ಮಗಳು ಥೆಟಿಸ್‌ಗಿಂತ ಚೆಲುವೆ ಅಂತ ದೇವಿಯ ಗುಡಿಯಲ್ಲೇ ಕೊಚ್ಚಿಕೊಳ್ಳುತ್ತಾಳೆ. ದೇವಿಯ ವಿಗ್ರಹದ ತಲೆ ಕಳಚಿ ಬಿದ್ದು, ಬಿದ್ದ ತಲೆಯೇ ಮಾತಾಡುತ್ತೆ: ಮೂವತ್ತು ದಿನದೊಳಗೆ ಈ ಹುಡುಗಿಯನ್ನು ಸಮುದ್ರದ ದೈತ್ಯ ಕ್ರಾಕನ್‌ಗೆ ಬಲಿ ಕೊಡಬೇಕು. ಆ ಮಾತಾಡುವ ತಲೆ ಮ್ಯಾಗಿ ಸ್ಮಿತ್. ‘ಹ್ಯಾರಿ ಪಾಟರ್’ ಚಿತ್ರಗಳ ಟೀಚರಮ್ಮ ಅಂದರೆ ನಿಮಗೂ ಗುರುತು ಹತ್ತುತ್ತೆ. 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಶ್ರೀಮತಿ ಕೂಡಲೇ ಗುರುತು ಹಿಡಿದಳು.

ದೈತ್ಯನನ್ನು ಕೊಲ್ಲುವುದು ಹೇಗೆ ಅಂತ ಕೇಳಲು ಪರ್ಸಿಯಸ್ ಮೂವರು ಕುರುಡು ಮುದುಕಿಯರ ಗವಿಗೆ ಹೋಗುತ್ತಾನೆ. ಮೂವರಿಗೂ ಸೇರಿ ಒಂದೇ ಕಣ್ಣು! ಸರದಿಯ ಮೇಲೆ ಕೈಯಿಂದ ಕೈಗೆ ದಾಟಿಸಿಕೊಂಡು ನೋಡುತ್ತಾರೆ. ಉತ್ತರ ಸಿಗುತ್ತೆ: ಮೆಡೂಸಾಳ ತಲೆ ತರಬೇಕು. ತಲೆ ತುಂಬ ಹಾವಿನ ಕೂದಲಿರುವ ಅವಳ ಮುಖ ಕಂಡವರು ಕಲ್ಲಾಗುತ್ತಾರೆ. ಅವಳ ದ್ವೀಪಕ್ಕೆ ದೋಣಿ ನಡೆಸುವವನು ಒಬ್ಬ ಅಸ್ಥಿಪಂಜರ. ದೋಣಿ ಮಂಜಿನಲ್ಲಿ ಸಾಗುತ್ತಿದೆ..... ನಾವಿಬ್ಬರೂ ಉಸಿರು ಹಿಡಿದಿದ್ದೇವೆ.....

ಪಟ್ಟನೆ ಕರೆಂಟ್ ಹೋಯಿತು.

ಕತ್ತಲಲ್ಲಿ ಕೂತಿದ್ದೆವು. ನನಗೆ ಒಳಗೊಳಗೇ ಸಮಾಧಾನ, ಪರೀಕ್ಷೆ ಮುಂದಕ್ಕೆ ಹೋದ ಹಾಗೆ. ಅವಳು ಮೊಬೈಲಿನ ದೀಪ ಹಚ್ಚಿ ಗೋಡೆಗೆ ಒರಗಿಸಿಟ್ಟಳು. ಆರಿದ ಟಿ.ವಿ.ಯ ಕರಿ ಗಾಜಿನಲ್ಲಿ ನಾವಿಬ್ಬರೂ ಮಸುಕಾಗಿ ಕಾಣುತ್ತಿದ್ದೆವು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಗಾಜಿನಲ್ಲಿ ನೋಡಿದೆ. ಅವಳೂ ಗಾಜಿನಲ್ಲೇ ನನ್ನನ್ನು ನೋಡುತ್ತಿದ್ದಳು.

“ನನಗೆ ಗೊತ್ತು” ಅಂದಳು.

“ಏನು?”

“ನಿಮ್ಮ ಫೋನಿನಲ್ಲಿ ನೋಡಿದೀನಿ. ಇಂಗ್ಲಿಷಿನಿಂದ ಕನ್ನಡ, ಇಂಗ್ಲಿಷಿನಿಂದ ಕನ್ನಡ, ರಾತ್ರಿಯೆಲ್ಲ ಅದೇ. ಮದುವೆಯಾದ ವರ್ಷವೇ ನೋಡಿದೆ.”

ಎರಡು ವರ್ಷ! ಎರಡು ವರ್ಷದಿಂದ ಬೆಳಗಿನ ಕಾಫಿ ಕುಡಿಯುತ್ತಾ ನಾನು ಕೊಚ್ಚಿದ ಹಾಲಿವುಡ್ ಭಾಷಣವನ್ನೆಲ್ಲ ಅವಳು ಗೊತ್ತಿದ್ದೂ ಕೇಳಿಸಿಕೊಂಡಿದ್ದಳು.

“ಮತ್ತೆ ಯಾಕೆ ಹೇಳಲಿಲ್ಲ?”

“ನೀವು ಹೇಳ್ತೀರಿ ಅಂತ ಕಾಯ್ತಿದ್ದೆ.”

ಓದುಗರೇ, ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಗಾಡಿದ್ದರೂ ಸಹಿಸುತ್ತಿದ್ದೆ. ಆ ಒಂದು ಮಾತಿಗೆ ಗಂಟಲು ಕಟ್ಟಿತು. ಪಿಯುಸಿ, ಎರಡು ಡುಮ್ಕಿ, ಫೀಸಿನ ದುಡ್ಡು, ಅಪ್ಪನ ಮುಂದೆ ಹೇಳಿದ ಸುಳ್ಳು, ಅವಳ ಮುಂದೆ ಹೇಳಿದ ಸುಳ್ಳು, ಎಲ್ಲಾ ಕತ್ತಲಲ್ಲಿ ಹೇಳಿಬಿಟ್ಟೆ. ಅವಳು ಮಧ್ಯದಲ್ಲಿ ಬಾಯಿ ಹಾಕಲಿಲ್ಲ.

ಎಲ್ಲಾ ಕೇಳಿ ಕೊನೆಗೆ ಅಂದಳು: “ನನಗೂ ನರ್ಸಿಂಗ್ ಮೊದಲ ವರ್ಷ ಒಂದು ಅಕ್ಷರ ಅರ್ಥ ಆಗ್ತಿರಲಿಲ್ಲ ರೀ. ಹಾಸ್ಟೆಲ್ ಬಾತ್‌ರೂಮಿನಲ್ಲಿ ಅಳ್ತಿದ್ದೆ. ನನಗೆ ಓಡಿಹೋಗೋಕೆ ಬೆಂಗಳೂರು ಬಸ್ಸಿಗೂ ದುಡ್ಡಿರಲಿಲ್ಲ. ಅದಕ್ಕೇ ಕಲಿತೆ.”

ಸ್ವಲ್ಪ ಹೊತ್ತು ಬಿಟ್ಟು ಅವಳೇ ನಕ್ಕಳು: “ಆ ಮುದುಕಿಯರಿಗೆ ಮೂವರಿಗೂ ಒಂದೇ ಕಣ್ಣು. ನಮ್ಮಿಬ್ಬರಿಗೆ ಒಂದೇ ಕಿವಿ. ನಡೆಯುತ್ತೆ ಬಿಡಿ.”

*ಬೊಂಬೆಯಾಟದ ಮಾಸ್ತರು*

ಕರೆಂಟ್ ಬಂತು. ಡಿವಿಡಿ ಮೊದಲಿನಿಂದ ಶುರುವಾಯಿತು! ಓಡಿಸಿ ಓಡಿಸಿ ದೋಣಿಯ ಹತ್ತಿರ ತಂದು ನಿಲ್ಲಿಸಿದೆವು.

ಇನ್ನು ಮೆಡೂಸಾ. ಮಿತ್ರರೇ, ಈ ಒಂದು ದೃಶ್ಯಕ್ಕಾಗಿ ಚಿತ್ರ ನೋಡಿ. ಪಾಳು ಗುಡಿ, ಸಾಲು ಸಾಲು ಕಂಬ, ಬೆಂಕಿಯ ಬೆಳಕು. ಸೊಂಟದ ಕೆಳಗೆ ಸರ್ಪದ ದೇಹ, ತುದಿಯಲ್ಲಿ ಗಿಲಕಿ ಬಾಲ. ಕೈಯಲ್ಲಿ ಬಿಲ್ಲು. ತೆವಳಿಕೊಂಡು ಬರುತ್ತಾಳೆ, ಬಾಲದ ಸದ್ದು ಮುಂಚೆ ಬರುತ್ತೆ. ಪರ್ಸಿಯಸ್ ಅವಳನ್ನು ಗುರಾಣಿಯ ಹೊಳಪಿನಲ್ಲಿ ನೋಡುತ್ತಾನೆ. ನೇರ ನೋಡಿದರೆ ಕಲ್ಲು! ಕಂಬಕ್ಕೆ ಒರಗಿ, ಬೆವರು ಸುರಿಸುತ್ತಾ, ಅವಳು ಹತ್ತಿರ ಬರುವವರೆಗೆ ಕಾದು, ಮುಖ ನೋಡದೆಯೇ ಕತ್ತಿ ಬೀಸುತ್ತಾನೆ. ಇಲ್ಲಿ ಅನುವಾದ ಬೇಕಾಗಲಿಲ್ಲ. ಶ್ರೀಮತಿ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು.

ಆ ಮೆಡೂಸಾ ಯಾವ ನಟಿಯೂ ಅಲ್ಲ. ಒಂದು ಬೊಂಬೆ! ಅದನ್ನು ಆಡಿಸಿದವರು ರೇ ಹ್ಯಾರಿಹೌಸನ್. 1920ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹುಟ್ಟಿದ ಈ ಮನುಷ್ಯ 1933ರಲ್ಲಿ, ಹದಿಮೂರನೇ ವಯಸ್ಸಿಗೆ, ‘ಕಿಂಗ್ ಕಾಂಗ್’ ನೋಡಿ ಮರುಳಾದರು. ಆ ಹುಚ್ಚೇ ಜೀವನವಾಯಿತು. ಕೆಲಸದ ರೀತಿ ಕೇಳಿ. ಒಳಗೆ ಲೋಹದ ಕೀಲುಗಳ ಎಲುಬು, ಮೇಲೆ ರಬ್ಬರಿನ ಚರ್ಮ. ಬೊಂಬೆಯನ್ನು ಒಂದು ಎಳ್ಳಷ್ಟು ಸರಿಸಬೇಕು, ಒಂದು ಚಿತ್ರ ತೆಗೆಯಬೇಕು. ಮತ್ತೆ ಎಳ್ಳಷ್ಟು, ಮತ್ತೊಂದು ಚಿತ್ರ. ತೆರೆಯ ಮೇಲಿನ ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ. ಮೆಡೂಸಾಳ ತಲೆಯ ಒಂದೊಂದು ಹಾವನ್ನೂ ಹಾಗೆ ಸರಿಸಬೇಕು! 1963ರ ‘ಜೇಸನ್ ಅಂಡ್ ದಿ ಆರ್ಗೋನಾಟ್ಸ್’ ಚಿತ್ರದಲ್ಲಿ ಏಳು ಅಸ್ಥಿಪಂಜರಗಳು ಮೂವರು ವೀರರ ಜೊತೆ ಕತ್ತಿ ಕಾಳಗ ಮಾಡುತ್ತವೆ. ಕೆಲವೇ ನಿಮಿಷದ ಆ ಕಾಳಗಕ್ಕೆ ನಾಲ್ಕು ತಿಂಗಳಿಗೂ ಹೆಚ್ಚು ಹಿಡಿಯಿತು. 1973ರ ಸಿಂದಬಾದ್ ಚಿತ್ರದಲ್ಲಿ ಆರು ಕೈಗಳ ಕಾಳಿಯ ವಿಗ್ರಹಕ್ಕೆ ಆರು ಕತ್ತಿ ಕೊಟ್ಟು ಕಾದಾಡಿಸಿದವರೂ ಇವರೇ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಹುಡುಗ ಗ್ಯಾರೇಜಿನಲ್ಲಿ ಬೊಂಬೆ ಆಡಿಸಲು ಶುರು ಮಾಡಿದಾಗ ಮನೆಯವರು ಬೈಯಲಿಲ್ಲ. ಅಪ್ಪ ಯಂತ್ರದ ಕೆಲಸ ಬಲ್ಲವರು. ಬೊಂಬೆಯ ಕೀಲುಗಳನ್ನು ಮಾಡಿಕೊಟ್ಟರು. ಅಮ್ಮ ಬೊಂಬೆಗಳಿಗೆ ಬಟ್ಟೆ ಹೊಲಿದುಕೊಟ್ಟರು. ತೆರೆಯ ಮೇಲೆ ಒಬ್ಬರ ಹೆಸರು, ಹಿಂದೆ ಇಡೀ ಮನೆ.

‘ಕ್ಲ್ಯಾಷ್ ಆಫ್ ದಿ ಟೈಟನ್ಸ್’ ಹ್ಯಾರಿಹೌಸನ್‌ರ ಕೊನೆಯ ದೊಡ್ಡ ಚಿತ್ರ. ಕಾಲ ಬದಲಾಗುತ್ತಿತ್ತು, ಕೈಯಿಂದ ಬೊಂಬೆ ಸರಿಸುವ ಆಟ ಮುಗಿಯುತ್ತಾ ಬಂದಿತ್ತು. 2013ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಕಂಪ್ಯೂಟರಿನ ದೈತ್ಯರನ್ನು ನೋಡಿ ಕಣ್ಣು ಪಳಗಿದವರಿಗೆ ಅವರ ಬೊಂಬೆಗಳು ಸ್ವಲ್ಪ ತಡವರಿಸಿದ ಹಾಗೆ ಕಾಣಬಹುದು. ನಮ್ಮಿಬ್ಬರಿಗೆ ಆ ತಡವರಿಕೆಯೇ ಇಷ್ಟವಾಯಿತು. ಅಲ್ಲೊಂದು ಬೆರಳು ಮುಟ್ಟಿದೆ ಅಂತ ಗೊತ್ತಾಗುತ್ತೆ.

ದೋಷಗಳಿಲ್ಲವೇ? ಇವೆ. ನಾಯಕ ಹ್ಯಾರಿ ಹ್ಯಾಮ್ಲಿನ್ ನೋಡಲು ಚೆಂದ. ಮುಖದಲ್ಲಿ ಭಾವ ಮಾತ್ರ ಜ್ಯೂಸ್ ದೇವರೇ ಕರುಣಿಸಬೇಕು. ಕ್ರಾಕನ್ ಗ್ರೀಕ್ ಪುರಾಣದ ಪ್ರಾಣಿಯೇ ಅಲ್ಲ, ಉತ್ತರದ ನಾರ್ವೆ ಕಡಲಿನ ಕಥೆಗಳದ್ದು. ಕ್ಯಾಲಿಬೋಸ್ ಕೂಡ ಈ ಚಿತ್ರಕ್ಕಾಗಿಯೇ ಹುಟ್ಟಿಸಿದ ಪಾತ್ರ. ಆದರೆ ಒಂದು ಮಾತು: ಆ ಹುಟ್ಟಿಸಿದ ಪಾತ್ರದ ಸಂಕಟವೇ ಚಿತ್ರ ಮುಗಿದ ಮೇಲೂ ಉಳಿಯುವುದು. ಶ್ರೀಮತಿ ಇಲ್ಲದಿದ್ದರೆ ಇದು ನನಗೆ ಹೊಳೆಯುತ್ತಿರಲಿಲ್ಲ. ‘ಖಳನಾಯಕನ ಮೇಕಪ್ ಅಮೋಘ’ ಅಂತ ಒಂದು ಸಾಲು ಬರೆದು ಮುಗಿಸುತ್ತಿದ್ದೆ.

*ಬರೆದವರು ಯಾರು?*

ಚಿತ್ರ ಮುಗಿದು ಹೆಸರುಗಳು ಬಂದವು. ಚಿತ್ರಕಥೆ: ಬೆವರ್ಲಿ ಕ್ರಾಸ್. ಹೆಸರು ನೋಡಿ ಹೆಂಗಸು ಅಂದುಕೊಂಡಿದ್ದೆ. ಆಮೇಲೆ ಹುಡುಕಿದರೆ, ಗಂಡಸು! ಅಷ್ಟೇ ಅಲ್ಲ, ಮ್ಯಾಗಿ ಸ್ಮಿತ್‌ರ ಗಂಡ. 1975ರಲ್ಲಿ ಇಬ್ಬರೂ ಮದುವೆಯಾಗಿದ್ದರು. ಅಂದರೆ ಥೆಟಿಸ್ ದೇವಿಯ ಬಾಯಲ್ಲಿ ಬಂದ ಮಾತನ್ನೆಲ್ಲ ಬರೆದುಕೊಟ್ಟದ್ದು ಅವರ ಮನೆಯವರೇ. ಶ್ರೀಮತಿಗೆ ಹೇಳಿದೆ. ಅವಳು ಜಡೆ ಬಿಚ್ಚಿಕೊಳ್ಳುತ್ತಾ ಅಂದಳು: “ಅಲ್ಲಿ ಗಂಡ ಬರೆದದ್ದನ್ನ ಹೆಂಡತಿ ಹೇಳಿದಾಳೆ. ನಮ್ಮನೇಲಿ ಹೆಂಡತಿ ಹೇಳಿದ್ದನ್ನ ಗಂಡ ಬರೀಲಿ, ಏನಾಗುತ್ತೆ?”

ಹಾಗಾದರೆ ಲೇಖನಕ್ಕೆ ನಿನ್ನ ಹೆಸರನ್ನೂ ಹಾಕುತ್ತೇನೆ ಅಂದೆ. “ಬೇಡಪ್ಪಾ, ವಾರ್ಡಿನಲ್ಲಿ ರೋಗಿಗಳೆಲ್ಲ ಸಿನಿಮಾ ಚಾನ್ಸ್ ಕೇಳ್ತಾರೆ” ಅಂತ ಕೈ ಮುಗಿದಳು. ಅದಕ್ಕೇ ಹೆಸರಿಲ್ಲದೆ ಇಷ್ಟು ಬರೆದೆ. ಈ ವಾರದ ಪುಟದಲ್ಲಿ ಮಾತಿನ ಬಗ್ಗೆ ಏನಾದರೂ ಒಳ್ಳೆಯದಿದ್ದರೆ ಅದು ಅವಳ ಕಿವಿಯದ್ದು. ತಪ್ಪಿದ್ದರೆ ನನ್ನ ಕೈಯದ್ದು.

ಹಳೆಯ ಲೇಖನಗಳ ಗತಿ? ‘ಮಾತಿನಲ್ಲಿ ಮೊನಚಿದೆ’ ಅಂತ ನಾನು ಬರೆದದ್ದನ್ನು ನಂಬಿ ಚಿತ್ರ ನೋಡಿದವರು, ನೋಡಿ ಮೊನಚು ಕಾಣದೆ ತಲೆ ಕೆರೆದುಕೊಂಡವರು ಇದ್ದರೆ, ದಯವಿಟ್ಟು ಕ್ಷಮಿಸಿ. ಬಸ್ ಸ್ಟ್ಯಾಂಡಿನಲ್ಲಿ ದುಡ್ಡು ಕೊಟ್ಟು ಈ ಪತ್ರಿಕೆ ಕೊಳ್ಳುವವರು ನೀವು. ಸಂಪಾದಕರಿಗೂ ಎಲ್ಲಾ ಹೇಳಿದ್ದೇನೆ. ಅವರು ಒಂದು ನಿಮಿಷ ಸುಮ್ಮನಿದ್ದು, “ಇದನ್ನೇ ಬರಿ” ಅಂದರು. ಬರೆದಿದ್ದೇನೆ.

ಇನ್ನೊಂದು ವಿಷಯ. ಶ್ರೀಮತಿ ಒಂದು ದಿನ ಡ್ಯೂಟಿಯಿಂದ ಬರುವಾಗ ಒಂದು ಪುಸ್ತಕ ತಂದು ಮೇಜಿನ ಮೇಲಿಟ್ಟಳು. ದ್ವಿತೀಯ ಪಿಯುಸಿ ಇಂಗ್ಲಿಷ್. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕೂರಬಹುದಂತೆ. ಏನೂ ಹೇಳಲಿಲ್ಲ, ಇಟ್ಟಳು, ಮಲಗಿದಳು. ದಿನಕ್ಕೆ ಎರಡು ಪುಟ ಓದುತ್ತಿದ್ದೇನೆ. ಎಳ್ಳಷ್ಟು ಸರಿಸಿ ಒಂದು ಚಿತ್ರ, ಮತ್ತೆ ಎಳ್ಳಷ್ಟು.

ಮುಂದಿನ ವಾರ ‘ಜೇಸನ್ ಅಂಡ್ ದಿ ಆರ್ಗೋನಾಟ್ಸ್’. ಆ ದಿನ ಅವಳಿಗೆ ನೈಟ್ ಡ್ಯೂಟಿ, ಒಬ್ಬನೇ ನೋಡಬೇಕು. ಪರವಾಗಿಲ್ಲ, ಆ ಏಳು ಅಸ್ಥಿಪಂಜರಗಳು ಇಂಗ್ಲಿಷ್ ಮಾತಾಡೋದಿಲ್ಲ. ಉಳಿದವರ ಮಾತಿಗೆ, ಬೆಳಿಗ್ಗೆ ಅವಳು ಬರುವವರೆಗೆ ಕಾಯುತ್ತೇನೆ.